ಮೋಟು ಪ್ಲಸ್

ಅತ್ತಿಗೆ ಮನೆಗೆ ಕಾಲಿಟ್ಟ ದಿನದಿಂದಲೂ ಪಟಾಕಿಗೂ ಅವಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಪಟಾಕಿ ಎಂಬುದು ಅಣ್ಣ ಇಟ್ಟ ಅಡ್ಡಹೆಸರು. ಯಾರಾದರೂ ಒಂದು ಮಾತಿನ ಕಿಡಿ ತಾಗಿಸಿದರೆ ಸಾಕು, ತಂಗಿ ಸಿಡಿಯುತ್ತಿದ್ದಳು. ಅತ್ತಿಗೆ ಅವಳು ಓದುವ ಕಾಲೇಜಿನಲ್ಲೇ ಗಣಿತದ ಮೇಡಂ. ಪಟಾಕಿಗೋ ಗಣಿತದ ವಿಶೇಷ ತರಗತಿ ಸೇರುವ ಹುಚ್ಚು, ಬೇರೇನನ್ನು ಓದು ಎಂದರೂ ಮೈಯೆಲ್ಲ ಉರಿ. ಆ ತರಗತಿಗೆ ಯಾರು ಯೋಗ್ಯರೆಂದು ವಿಭಾಗದ ಮುಖ್ಯಸ್ಥರಿಗೆ ಹೆಸರು ಹೇಳುವವಳು ಇದೇ ಅತ್ತಿಗೆ. ಗ್ರಹಚಾರ ಎಂದರೆ ಇದೇ ಇರಬೇಕು.

"ನಾದಿನಿ ಅಂತ ಸುಮ್ನೆ ಹೆಸರು ಹೇಳಿದ್ರೆ ಜನ ನನ್ನ ಮುಖಕ್ಕೆ ಉಗೀತಾರೆ," ಎಂದು ಭಾನುವಾರ ಬೆಳಿಗ್ಗೆ ಅತ್ತಿಗೆ ಒಂದು ಹಾಳೆಯನ್ನು ಊಟದ ಮೇಜಿನ ಮೇಲೆ ಎಸೆದಳು. "ಐದು ನಿತ್ಯಸಮೀಕರಣ ಇದೆ. ಐದನ್ನೂ ಸಾಧಿಸಿ ತೋರ್ಸು, ನಾಳೆ ಹೆಸರು ಹೇಳ್ತೀನಿ. ಒಂದು ಬಿಟ್ರೂ ಇಲ್ಲ."

"ಮೇಡಮ್ಮೋರ ಅಪ್ಪಣೆ," ಎಂದು ಪಟಾಕಿ ಮೂಗು ಮುರಿದಳು.

ಮೊದಲ ನಾಲ್ಕು ಸಲೀಸಾಗಿ ಬಂದವು. ಎಲ್ಲವನ್ನೂ ಸೈನ್, ಕಾಸ್‌ಗೆ ಇಳಿಸಿ, ಅವೆರಡರ ವರ್ಗ ಕೂಡಿದರೆ ಒಂದು ಎಂಬುದನ್ನು ಸರಿಯಾದ ಜಾಗದಲ್ಲಿ ನುಗ್ಗಿಸಿದರೆ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಆ ಬಿಚ್ಚಿಕೊಳ್ಳುವ ಗಳಿಗೆಗಾಗಿಯೇ ಅವಳು ಗಣಿತಕ್ಕೆ ಸೋತಿದ್ದಳು. ಐದನೆಯದು ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಟ್ಯಾನ್ ವರ್ಗಕ್ಕೆ ಸೈನ್ ವರ್ಗ ಕೂಡಿದರೆ ಅವೆರಡರ ಗುಣಲಬ್ಧ ಬರುತ್ತದೆಂದು ಸಾಧಿಸಬೇಕಿತ್ತು. ಎಡಬದಿ ಹಿಡಿದು ಮೇಲಿನಿಂದ ಇಳಿದಳು, ಬಲಬದಿ ಹಿಡಿದು ಕೆಳಗಿನಿಂದ ಹತ್ತಿದಳು. ನಡುವೆ ಎರಡು ಸಾಲು ಜಗಳಕ್ಕೆ ನಿಂತವು. ಉಳಿದದ್ದೆಲ್ಲ ಒಂದೇ, ಆದರೆ ಮೇಲಿನದರಲ್ಲಿ ಒಂದು ಪ್ಲಸ್ ಕಾಸ್ ವರ್ಗ, ಕೆಳಗಿನದರಲ್ಲಿ ಒಂದು ಮೈನಸ್ ಕಾಸ್ ವರ್ಗ.

ಅನುಮಾನ ಬಂದು ನಲವತ್ತೈದು ಡಿಗ್ರಿ ಹಾಕಿ ನೋಡಿದಳು. ಎಡಕ್ಕೆ ಒಂದೂವರೆ, ಬಲಕ್ಕೆ ಅರ್ಧ. ಲೆಕ್ಕವೇ ತಪ್ಪು! ಕಳೆಯುವ ಕಡೆ ಕೂಡುವ ಗುರುತು ಬಿದ್ದಿದೆ. ಹೋಗಿ ಹೇಳಿದರೆ, ಬರದಿದ್ದಕ್ಕೆ ನೆಪ ಹುಡುಕ್ತೀಯಾ ಎಂದು ಅತ್ತಿಗೆ ಬಾಯಿ ಮುಚ್ಚಿಸುತ್ತಾಳೆ, ಸೀಟೂ ಕೈತಪ್ಪುತ್ತದೆ. ಉತ್ತರಪತ್ರಿಕೆ ತಿದ್ದುವಾಗ ಅವಳು ನೋಡುವುದು ಮೊದಲ ಸಾಲು, ಕೊನೆಯ ಸಾಲು ಎಂಬುದು ಇಡೀ ಕಾಲೇಜಿಗೆ ಗೊತ್ತು. ಪಟಾಕಿ ಪ್ಲಸ್‌ನ ನಿಂತ ಗೀಟನ್ನು ಸಾಲಿನಿಂದ ಸಾಲಿಗೆ ಮೋಟು ಮಾಡುತ್ತ ಬಂದಳು. ನಾಲ್ಕನೆಯ ಸಾಲಿಗೆ ಅದು ನೊಣ ಕೂತಂತೆ ಕಂಡಿತು, ಐದನೆಯ ಸಾಲಿಗೆ ನೊಣವೂ ಹಾರಿಹೋಗಿ ಬರೀ ಮೈನಸ್ ಉಳಿಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತಿಗೆ ಹಾಳೆಯ ಮೇಲೆ ಕಣ್ಣಾಡಿಸಿ ಐದಕ್ಕೂ ಕೆಂಪು ಟಿಕ್ ಎಳೆದಳು. ಪಟಾಕಿಯ ಎದೆ ಹಗುರಾಯಿತು. ಅಲ್ಲಿಗೆ ಸುಮ್ಮನಿದ್ದಿದ್ದರೆ ಎಲ್ಲ ಮುಗಿಯುತ್ತಿತ್ತು. ಸುಮ್ಮನಿರುವುದು ಅವರಿಬ್ಬರ ಜಾಯಮಾನದಲ್ಲೇ ಇರಲಿಲ್ಲ.

"ಐದನೇದು ಇವಳ ತಲೆಯಿಂದ ಬಂದಿರೋದಲ್ಲ," ಎಂದು ಅತ್ತಿಗೆ ಗಂಡನ ಕಡೆ ತಿರುಗಿ ನಕ್ಕಳು. "ಎಲ್ಲೋ ನೋಡ್ಕೊಂಡು ಇಳಿಸಿದಾಳೆ. ಹೋಗ್ಲಿ ಬಿಡಿ, ಹೆಸರು ಹೇಳ್ತೀನಿ. ಮನೆ ಹುಡುಗಿ ತಾನೆ?"

"ಪಾಪ, ರಾತ್ರಿಯೆಲ್ಲ ಓದ್ತಾಳಮ್ಮ," ಎಂದು ಅಮ್ಮ ಗೊಣಗಿದಳು. ಅಣ್ಣ ಇನ್ನಷ್ಟು ಸಾರು ಬಡಿಸಿಕೊಂಡ.

ಭಿಕ್ಷೆ ಹಾಕಿದಂತಿದ್ದ ಆ ಮಾತು ಪಟಾಕಿಯ ನೆತ್ತಿಗೇರಿತು. "ಎಲ್ಲಿಂದ ಇಳಿಸ್ಲಿ? ಆ ಲೆಕ್ಕ ಪ್ರಪಂಚದ ಯಾವ ಪುಸ್ತಕದಲ್ಲೂ ಇಲ್ಲ! ನೀವೇ ಪ್ಲಸ್ಸು ಮೈನಸ್ಸು ಗೊತ್ತಾಗದೆ ತಪ್ಪು ಬರ್ದಿದ್ದೀರ. ನಲವತ್ತೈದು ಹಾಕಿ ನೋಡಿ. ಕಣ್ಣು ಮುಚ್ಕೊಂಡು ಟಿಕ್ ಹಾಕೋ ಮೇಡಂ ನನ್ನ ತಲೆ ಅಳೀತಾರಂತೆ!"

ಅತ್ತಿಗೆ ಪೆನ್ನು ಎತ್ತಲೇ ಇಲ್ಲ, ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅವಳ ಮುಖ ಕಪ್ಪಿಟ್ಟದ್ದು ನೋಡಿ ಪಟಾಕಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆಮೇಲೆ ಅತ್ತಿಗೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೊದಲ ಬಾರಿಗೆ ನಡುವಿನ ಸಾಲುಗಳನ್ನು ಒಂದೊಂದಾಗಿ ಓದಿದಳು.

"ನಂದು ತಪ್ಪೇ," ಎಂದಳು. "ನಾನು ನೋಡದೆ ಬರ್ದೆ, ನೋಡದೆ ಟಿಕ್ ಹಾಕ್ದೆ. ನೀನು ನಲವತ್ತೈದು ಹಾಕಿ ನೋಡಿದೀಯ. ನೋಡಿದ್ಮೇಲೆ ಈ ಗೀಟು ತಿಂದಿದೀಯ. ನಾಳೆ ನಿನ್ನ ಹೆಸರು ಹೇಳಲ್ಲ."

"ನಾನೂ ಸುಮ್ನಿರಲ್ಲ! ಮುಖ್ಯಸ್ಥರ ಹತ್ರ ಹೋಗಿ ನೀವು ಕೊಟ್ಟ ಲೆಕ್ಕ ಎಂಥದ್ದು ಅಂತ ಹೇಳ್ತೀನಿ."

"ಧಾರಾಳವಾಗಿ ಹೇಳು. ಬಾಯಿ ಮಾತಲ್ಲಿ ಹೇಳಿದ್ರೆ ಯಾರು ನಂಬ್ತಾರೆ? ಇದನ್ನ ತಗೊಂಡ್ಹೋಗು." ಅತ್ತಿಗೆ ಹಾಳೆ ಚಾಚಿದಳು. ಮೇಲೆ ಅತ್ತಿಗೆಯ ದಪ್ಪ ಅಕ್ಷರದ ತಪ್ಪು ಪ್ಲಸ್, ಕೆಳಗೆ ಅವಳ ಕೆಂಪು ಟಿಕ್, ನಡುವೆ ಪಟಾಕಿಯದೇ ಕೈಬರಹದಲ್ಲಿ ಮೋಟಾಗುತ್ತ ಮಾಯವಾದ ಪ್ಲಸ್.

ಪಟಾಕಿಗೆ ಅವಳ ಕತ್ತು ಹಿಸುಕುವಷ್ಟು ಸಿಟ್ಟು ಬಂತು. ಅಮ್ಮ "ತಗೊಳ್ಳೇ, ಅವಳೇ ಕೊಡ್ತಿದಾಳಲ್ಲ" ಎಂದಳು. ಅತ್ತಿಗೆ ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಪಟಾಕಿ ಕೈ ಮುಂದೆ ಮಾಡಲಿಲ್ಲ.