ಕಿಟಕಿ ಕೇಳಿದವರು

ಒಂದೂರಿನಲ್ಲಿ ಒಂದು ಚುಟ್ಟಾ ಕಾರ್ಖಾನೆಯಿತ್ತು. ಹೊರಗಿನಿಂದ ಬರುವವರಿಗೆ ಊರು ಕಾಣುವ ಮೊದಲೇ ಅದರ ವಾಸನೆ ಎದುರಾಗುತ್ತಿತ್ತು. ಊರಿನವರಿಗೆ ಮಾತ್ರ ಅಂಥದೊಂದು ವಾಸನೆ ಇದೆ ಎನ್ನುವುದೇ ಮರೆತುಹೋಗಿತ್ತು. ಬಿಳಿ ಸೀರೆ ಉಟ್ಟರೂ ಸಂಜೆಗೆ ಕಂದಾಗುವ ಊರಿನಲ್ಲಿ ಬಣ್ಣ, ವಾಸನೆಗಳ ಲೆಕ್ಕ ಇಡಲು ಯಾರಿಗೆ ಪುರುಸೊತ್ತು?

ಕಾರ್ಖಾನೆಯ ದೊಡ್ಡ ಕೋಣೆಯಲ್ಲಿ ಒಂದು ಉದ್ದನೆಯ ಮೇಜು. ಅದರ ಸುತ್ತ ಎಂಟು ಹೆಂಗಸರು ಕೂತು ಚುಟ್ಟಾ ಸುತ್ತುತ್ತಿದ್ದರು. ಒದ್ದೆ ಗೋಣಿಯ ಕೆಳಗಿಂದ ಎಲೆ ತೆಗೆಯುವುದು, ನಡುವಿನ ನರ ಕಿತ್ತುಹಾಕುವುದು, ಒಳಗೆ ಚೂರು ತುಂಬಿ ಸುತ್ತುವುದು, ತುದಿಗೆ ಅಂಟು ಸವರುವುದು. ಬಿಗಿ ಸುತ್ತಿದರೆ ಹೊಗೆ ಎಳೆಯುವುದಿಲ್ಲ, ಸಡಿಲ ಸುತ್ತಿದರೆ ಬಾಯಿಗೆ ಪುಡಿ ಬರುತ್ತದೆ. ಈ ಎರಡರ ನಡುವೆ ಇರುವ ಹದ ನೀಲವ್ವನ ಕೈಗೆ ಬಂದಷ್ಟು ಇನ್ನಾರ ಕೈಗೂ ಬಂದಿರಲಿಲ್ಲ. ಅವಳ ನಾಲಿಗೆಗೆ ಮಾತ್ರ ಆ ಹದ ಇರಲಿಲ್ಲ. ಬಿಗಿಯಾಗಿ ಬಂದದ್ದು ಬಿಗಿಯಾಗಿಯೇ ಹೊರಗೆ ಬೀಳುತ್ತಿತ್ತು.

ಆ ಮೇಜಿಗೆ ಒಂದು ಪದ್ಧತಿಯಿತ್ತು. ದಿನಕ್ಕೊಬ್ಬಳು ಕಥೆ ಹೇಳಬೇಕು. ಕಥೆ ಹೇಳುವವಳು ಅವತ್ತು ಎಲೆ ಮುಟ್ಟುವಂತಿಲ್ಲ, ಏಕೆಂದರೆ ಕೈ ಆಡುವಾಗ ಕಥೆ ಅವಸರವಾಗುತ್ತದೆ. ಉಳಿದವರು ತಾವು ಸುತ್ತಿದ್ದರಲ್ಲಿ ಒಂದಿಷ್ಟನ್ನು ಅವಳ ಬುಟ್ಟಿಗೆ ಹಾಕುತ್ತಿದ್ದರು. ಸಂಜೆ ಎಣಿಸುವ ಮುಕಾದಮನಿಗೆ ಎಂಟೂ ಬುಟ್ಟಿ ತುಂಬಿರುವುದು ಕಾಣುತ್ತಿತ್ತು, ಕಥೆ ಕಾಣುತ್ತಿರಲಿಲ್ಲ.

ಕೋಣೆಗೆ ಇಲ್ಲದಿದ್ದದ್ದು ಕಿಟಕಿ. ಗಾಳಿ ಬಂದರೆ ಎಲೆ ಒಣಗಿ ಒಡೆಯುತ್ತದೆ ಎಂದು ಧಣಿ ಕಟ್ಟಿಸುವಾಗಲೇ ಬಿಟ್ಟುಬಿಟ್ಟಿದ್ದ. ಎಲ್ಲರಿಗಿಂತ ಹಿರಿಯಳಾದ ಖಾಜಾಬಿಗೆ ಕೆಮ್ಮು ಹತ್ತಿತು. ಅವಳ ಕೆಮ್ಮು ಶುರುವಾದರೆ ಕಥೆಯೊಳಗಿನ ರಾಜನೂ ಕುದುರೆ ನಿಲ್ಲಿಸಿ ಕಾಯಬೇಕಾಗುತ್ತಿತ್ತು. ಕೊನೆಗೆ ಎಂಟೂ ಜನ ಮಾತಾಡಿಕೊಂಡು ಒಂದು ಕಿಟಕಿ ಕೇಳುವುದೆಂದು ತೀರ್ಮಾನಿಸಿದರು. ಕೇಳುವ ಕೆಲಸ ನೀಲವ್ವನ ನಾಲಿಗೆಗೆ ಬಂತು.

ಅವಳು ಧಣಿಯ ಎದುರು ನಿಂತು ಹೇಳಿದಳು: "ಎಲಿ ಒಣಗಬಾರದಂತ ಇಷ್ಟು ಕಾಳಜಿ ಮಾಡ್ತೀರಿ. ನಮ್ಮ ಎದಿ ಒಣಗೈತಿ. ನಮ್ಮನ್ನೂ ಒಂದಿಷ್ಟು ಎಲಿ ಅಂತ ತಿಳೀರಿ, ಧಣೇರ."

ಧಣಿ ಸಿಟ್ಟಾಗಲಿಲ್ಲ. ಸಿಟ್ಟಾಗುವುದು ಸಣ್ಣ ವ್ಯಾಪಾರಿಗಳ ಚಟ. ಅವನು ನಕ್ಕು, ವಿಚಾರ ಮಾಡುತ್ತೇನೆ ಎಂದ.

ವಿಚಾರ ಮಾಡಿದ್ದು ಹೀಗೆ: ಕೋಣೆಯ ಒಂದು ತುದಿಯಲ್ಲಿ ಎತ್ತರದ ಕಟ್ಟೆ ಎದ್ದಿತು, ಅದರ ಮೇಲೆ ನಾಲ್ಕೂ ಕಡೆ ಗಾಜಿನ ಒಂದು ಗೂಡು. ಒಳಗೆ ಮೆತ್ತೆ, ಹೊಸ ಮಣೆ, ತಣ್ಣೀರಿನ ಹೂಜಿ. ಕಾರ್ಖಾನೆಯ ಉತ್ತಮ ಕೈ ಇನ್ನು ಮುಂದೆ ಅಲ್ಲಿ ಕೂರುತ್ತದೆ, ಕೊಳ್ಳಲು ಬಂದವರು ನಿಂತು ನೋಡುತ್ತಾರೆ ಎಂದು ಮುಕಾದಮ ಸಾರಿದ. ನೀಲವ್ವ ಒಲ್ಲೆನೆಂದಳು. ಅವತ್ತು ಅವಳದೇ ಕಥೆಯ ಸರದಿ. ಬಾವಿಗೆ ಬಿದ್ದ ಕೊಡ ತರಲು ಇಳಿದ ಸೊಸೆ ತಳ ಮುಟ್ಟಿ ತಲೆ ಎತ್ತಿದರೆ, ಮೇಲೆ ಯಾರೋ ಹಗ್ಗ ಎಳೆದುಕೊಂಡಿದ್ದರು. ಅವಳ ಕಥೆ ಅಲ್ಲಿಗೆ ನಿಂತಿತ್ತು.

ಅವಳನ್ನು ಒಪ್ಪಿಸಿದವಳು ಖಾಜಾಬಿ. "ಹೋಗು ನನ್ನವ್ವಾ. ಅಲ್ಲಿ ಕುಂತ್ರ ಧಣಿ ಕಿವಿಗೆ ಹತ್ತರ ಆಗ್ತಿ. ನಮ್ಮ ಕಿಟಕಿ ಮಾತು ಮರೀಬ್ಯಾಡ."

ಗಾಜಿನೊಳಗೆ ಎಲ್ಲ ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಕೆಳಗೆ ಏಳು ಬಾಯಿಗಳು ಆಡುತ್ತಿದ್ದವು. ಮೊದಮೊದಲು ಅವರು ಕೈಬೀಸುತ್ತಿದ್ದರು, ಅವಳೂ ಬೀಸುತ್ತಿದ್ದಳು. ಆಮೇಲೆ ಒಂದು ಮಧ್ಯಾಹ್ನ ಎಲ್ಲರೂ ಒಟ್ಟಿಗೆ ನಕ್ಕರು. ಕಥೆಗೆ ನಕ್ಕರೋ ತನಗೆ ನಕ್ಕರೋ ಎಂದು ನೀಲವ್ವನಿಗೆ ತಿಳಿಯಲಿಲ್ಲ. ಆ ಅನುಮಾನವನ್ನು ಅವಳು ಸಂಜೆ ಮನೆಗೆ ಒಯ್ದಳು. ಅವಳ ಕೈಬೆರಳಿಗಂಟಿದ ಹೊಗೆಸೊಪ್ಪಿನ ಕಹಿಗೆ ಅವಳ ಕೂಸು ತುತ್ತು ಉಗುಳುವುದು ಹೊಸದಲ್ಲ. ಆದರೆ ಅವತ್ತು ಆ ಕೂಸೂ ಅವರ ಪಾರ್ಟಿಯೇ ಎನ್ನಿಸಿತು.

ಬಾಗಿಲಲ್ಲಿ ಸಿಕ್ಕಾಗ ಗೆಳತಿಯರು ದಾರಿ ಬಿಡತೊಡಗಿದರು. ಮೊದಲು ಅವಳು ಅವರಿಗೆ ನೀಲಿ, ಸಿಟ್ಟು ಬಂದಾಗ ಬಾಯಿಬಡಕಿ. ಈಗ, "ಬರ್ರಿ ನೀಲವ್ನೋರ, ನೀವು ಮೊದಲ ಹೋಗ್ರಿ" ಎನ್ನುತ್ತಿದ್ದರು. ಬೈದಿದ್ದರೆ ಅವಳಿಗೆ ತಿರುಗಿ ಬೈಯಲು ಬರುತ್ತಿತ್ತು. ಮರ್ಯಾದೆಗೆ ಏನೆಂದು ಉತ್ತರ ಕೊಡುವುದು?

ಧಣಿ ಗೂಡಿನ ಬಳಿ ಬಂದಾಗಲೆಲ್ಲ ಅವಳು ಕಿಟಕಿಯ ಮಾತು ಎತ್ತುತ್ತಿದ್ದಳು. ಅವನು ಗಾಜಿನ ಆಚೆ ನಿಂತು ತಲೆ ಆಡಿಸುತ್ತಿದ್ದ. ಅವಳ ಬಾಯಿ ಆಡುವುದು ಅವನಿಗೆ ಕಾಣುತ್ತಿತ್ತು. ಜೊತೆಗೆ ಬಂದ ವ್ಯಾಪಾರಿಗಳಿಗೆ, ನೋಡಿ ಎಷ್ಟು ಖುಷಿಯಿಂದ ಹಾಡಿಕೊಳ್ಳುತ್ತ ಸುತ್ತುತ್ತಾಳೆ ಎಂದು ಅವನು ತೋರಿಸುತ್ತಿದ್ದನೆಂದು ಮುಕಾದಮನಿಂದ ಆಮೇಲೆ ತಿಳಿಯಿತು.

ಕೆಳಗೂ ಏನೋ ಬದಲಾಗುತ್ತಿತ್ತು. ಏಳು ತಲೆಗಳು ಮಣೆಯ ಮೇಲೆ ಬಾಗಿದ್ದವು, ಯಾವ ಬಾಯಿಯೂ ಆಡುತ್ತಿರಲಿಲ್ಲ. ಕಥೆ ಹೇಳುವವಳ ಬುಟ್ಟಿ ಮೂಲೆ ಸೇರಿತ್ತು. ತಾನಿಲ್ಲದೆ ಕಥೆ ಸಪ್ಪೆಯಾಯಿತೆಂದು ನೀಲವ್ವ ಭಾವಿಸಿದಳು. ಆ ಭಾವನೆ ಅವಳಿಗೆ ಸುಖವನ್ನೂ ಕೊಟ್ಟಿತು, ಸಂಕಟವನ್ನೂ ಕೊಟ್ಟಿತು. ಸೊಸೆ ಬಾವಿಯ ತಳದಲ್ಲೇ ನಿಂತಿದ್ದಾಳೆ, ಅವಳನ್ನು ಮೇಲೆ ತರಬೇಕು. ಅದಕ್ಕೆ ತಾನು ಕೆಳಗಿಳಿಯಬೇಕು.

ಇಳಿಯಲು ಒಂದೇ ದಾರಿಯಿತ್ತು. ಅವಳು ಬಿಗಿಯಾಗಿ ಸುತ್ತತೊಡಗಿದಳು. ಹೊರಗಿನಿಂದ ನೋಡಿದರೆ ಅದೇ ಚೆಲುವು, ಅದೇ ನುಣುಪು. ಬಾಯಿಗಿಟ್ಟರೆ ಮಾತ್ರ ಕೆನ್ನೆ ಒಳಗೆ ಹೋಗುವಷ್ಟು ಎಳೆದರೂ ಹೊಗೆ ಬಾರದು. ಹದ ಬಲ್ಲ ಕೈ ಹದ ಕೆಡಿಸುವುದೆಂದರೆ ಹೆತ್ತ ಕೂಸನ್ನು ತಾನೇ ಚಿವುಟಿದ ಹಾಗೆ. ಅವಳು ಚಿವುಟಿದಳು, ದಿನವೂ ಚಿವುಟಿದಳು. ಆ ದಿನಗಳಲ್ಲೇ ಕೋಣೆಯ ಇನ್ನೊಂದು ತುದಿಗೆ ಗೋಣಿಯ ಪರದೆ ಕಟ್ಟಿದರು. ಪರದೆಯ ಹಿಂದೆ ಬಡಗಿಗಳು ಓಡಾಡಿದರು. ಸುತ್ತಿಗೆಯ ಏಟು ಗಾಜಿಗೂ ನಡುಕವಾಗಿ ಬರುತ್ತಿತ್ತು. ಕಿಟಕಿ ಆಗುತ್ತಿದೆ ಎಂದುಕೊಂಡು ನೀಲವ್ವ ಇನ್ನೂ ಬಿಗಿಯಾಗಿ ಸುತ್ತಿದಳು. ಗಾಳಿ ಬರುವ ದಿನ ತಾನೂ ಆ ಮೇಜಿನಲ್ಲಿರಬೇಕು.

ಮಾಲು ವಾಪಸು ಬಂತು. ಮುಕಾದಮ ಗೂಡಿನ ಬಾಗಿಲು ತೆಗೆದು, ನಾಳೆಯಿಂದ ಕೆಳಗೆ ಕೂರಬೇಕೆಂದ. ಪಾಪ, ಅವನ ದನಿಯಲ್ಲಿ ಮರುಕವಿತ್ತು. ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಾಳೆಂದು ಅವನು ತಿಳಿದ, ಅವಳು ನಗುತ್ತಿದ್ದಳು.

ಮರುದಿನ ಅವಳು ಎಲ್ಲರಿಗಿಂತ ಮೊದಲೇ ಬಂದು ತನ್ನ ಹಳೆಯ ಜಾಗ ಒರೆಸಿ ಕೂತಳು. ಮೂಲೆಯ ಬುಟ್ಟಿ ತಂದು ಜಾಡಿಸಿದಳು. ಕೆಲಸದ ಗಂಟೆ ಹೊಡೆಯಿತು. ಮೇಜಿಗೆ ಯಾರೂ ಬರಲಿಲ್ಲ. ಆಚೆ ತುದಿಯಲ್ಲಿ ಗೋಣಿಯ ಪರದೆ ಸರಿಯಿತು. ಅಲ್ಲಿ ಸಾಲಾಗಿ ಏಳು ಗಾಜಿನ ಗೂಡುಗಳು, ಗೂಡಿಗೊಬ್ಬಳಂತೆ ಏಳು ಜನ. ತಲೆ ಬಗ್ಗಿಸಿ, ಕಥೆ ಬಿಟ್ಟು, ಅವರು ಇಷ್ಟು ದಿನ ಕೈ ಪಳಗಿಸಿಕೊಂಡದ್ದು ಇದಕ್ಕೆ.

ನೀಲವ್ವ ಮುಕಾದಮನ ಕಡೆ ತಿರುಗಿದಳು. "ಹಂಗಾರ ಈ ಮೇಜಿಗೆ?"

"ನೀ ಒಬ್ಬಾಕಿನೇ. ಉಳಿದ ಚೂರು ಸುತ್ತಾಕ." ಅವನು ಮರೆತದ್ದು ನೆನಪಾದವನಂತೆ ಹೇಳಿದ: "ಮತ್ತ, ಅವತ್ತ ನೀವು ಒಂದು ಕಿಟಕಿ ಕೇಳಿದ್ರಲ್ಲ, ಧಣಿ ಹೂಂ ಅಂದಾರ. ಈ ಮೇಜಿನ ಮ್ಯಾಲೆ ಈಗ ಒಳ್ಳೇ ಎಲಿ ಇಡೋದಿಲ್ಲ. ಒಣಗಿದ್ರ ಒಣಗ್ಲಿ ಅಂದ್ರು."

ಮಧ್ಯಾಹ್ನದ ಹೊತ್ತಿಗೆ ಗೋಡೆ ಒಡೆದು ಕಿಟಕಿ ಕೂರಿಸಿದರು. ಧಣಿ ಕಂಜೂಸಿತನ ಮಾಡಲಿಲ್ಲ. ಎರಡು ಬಾಗಿಲಿನ ದೊಡ್ಡ ಕಿಟಕಿ. ನೀಲವ್ವ ಅದನ್ನು ತಾನೇ ತೆರೆದಳು. ಹುಣಸೆಮರದ ನೆರಳು ಹಾದು ಬಂದ ಗಾಳಿ ಒಳಗೆ ನುಗ್ಗಿ ಖಾಲಿ ಮೇಜಿನ ಉದ್ದಕ್ಕೂ ಓಡಿ, ಏಳು ಖಾಲಿ ಜಾಗಗಳ ಮೇಲಿನ ಧೂಳು ಎಬ್ಬಿಸಿತು. ಎಷ್ಟೋ ದಿನದ ಮೇಲೆ ಅವಳ ಎದೆ ಪೂರ್ತಿ ತುಂಬಿತು. ತುಂಬಿದ್ದೇ, ಯಾರಿಗಾದರೂ ಹೇಳಬೇಕೆನ್ನಿಸಿತು.

ಅವಳು ಖಾಜಾಬಿಯ ಗೂಡಿನ ಕಡೆ ನೋಡಿದಳು. ಖಾಜಾಬಿ ಕೆಮ್ಮುತ್ತಿದ್ದಳು, ಸದ್ದಿಲ್ಲದೆ ಭುಜ ಕುಣಿಯುತ್ತಿತ್ತು. ನೀಲವ್ವ ಎರಡೂ ಕೈ ಎತ್ತಿ ಕಿಟಕಿ ತೋರಿಸಿದಳು. ಖಾಜಾಬಿ ಅದನ್ನು ಕಂಡಳು. ಗಡಬಡಿಸಿ ಎದ್ದು, ಬೆರಳ ಗಂಟಿನಿಂದ ಗಾಜು ಬಡಿದಳು. ಮಣೆಯ ಮೇಲಿನ ಎಲೆಯೊಂದನ್ನು ಎತ್ತಿ ಹಿಡಿದು, ಗಾಳಿಗೆ ಅದು ಒಣಗಿ ಪುಡಿಯಾದೀತೆಂದು ಬೆರಳು ಉಜ್ಜಿ ತೋರಿಸಿದಳು. ಆಮೇಲೆ ಎರಡೂ ಅಂಗೈ ತಂದು ಒಂದಕ್ಕೊಂದು ಸೇರಿಸಿದಳು, ಕಿಟಕಿಯ ಬಾಗಿಲು ಹಾಕಿದ ಹಾಗೆ.

ಅಕ್ಕಪಕ್ಕದ ಗೂಡುಗಳಲ್ಲೂ ಒಂದೊಂದಾಗಿ ಅಂಗೈಗಳು ಸೇರಿದವು. ದೂರದಿಂದ ನೋಡಿದರೆ ಏಳೂ ಜನ ಅವಳಿಗೆ ಕೈಮುಗಿಯುತ್ತಿರುವಂತೆ ಕಾಣುತ್ತಿತ್ತು.