ಹಡಗಿಗಿಂತ ಹಳೆಯ ಕೆಸರು

ದೊಡ್ಡ ಹೂಹಾರವನ್ನು ಶವಪೆಟ್ಟಿಗೆಯ ಮೇಲಿಡುತ್ತಲೇ ಪ್ರಯೋಗಾಲಯದ ನಿರ್ದೇಶಕರು ಪಕ್ಕದಲ್ಲಿದ್ದ ಪತ್ರಕರ್ತನ ಕಡೆ ತಿರುಗಿದರು. “ನಮ್ಮ ಕೆಸರಪ್ಪ ಕೊನೆಗೂ ಒಪ್ಕೊಂಡ್ರು ಕಣ್ರೀ. ಬಂದರಿನ ನೀರು ಕೆಂಪಾಗಿ ಮೀನು ಸಾಯ್ತಿರೋದು ಹೊರಗಿನ ಜೀವಿಯಿಂದ. ಪರದೇಶದ ಹಡಗು ತೂಕಕ್ಕೆ ಅಂತ ತಳದಲ್ಲಿ ತುಂಬ್ಕೊಂಡು ಬರೋ ನೀರಲ್ಲಿ ಬಂದದ್ದು.”

ಕೆಸರಪ್ಪ ಎಂಬುದು ಅದೇ ಪ್ರಯೋಗಾಲಯದ ವಿಜ್ಞಾನಿಯಾಗಿದ್ದ ಸತ್ತವನಿಗೆ ಆಫೀಸಿನವರಿಟ್ಟ ಅಡ್ಡಹೆಸರು. ಅವನ ಹೆಂಡತಿ ನಿರ್ದೇಶಕರತ್ತ ಒಂದು ಹೆಜ್ಜೆ ಮುಂದಿಟ್ಟಳು. ಆ ಹಾರ ಕಳಿಸಿದ್ದು ದಡದ ಕಾರ್ಖಾನೆಯವರು. ಅವರ ಕೊಳಚೆ ಕುಡಿದೇ ಕಣ್ಣಿಗೆ ಕಾಣದ ಆ ಜೀವಿ ಕೊಬ್ಬಿತ್ತು. ಅದು ಪರದೇಶದ್ದು ಎಂದಾದರೆ ತಪ್ಪೆಲ್ಲ ಹಡಗುಗಳ ತಲೆಗೆ ಕಟ್ಟಿ ಕಾರ್ಖಾನೆಯವರು ಕೈ ತೊಳೆದುಕೊಳ್ಳಬಹುದು. ಹೆಣ ಬಾಯಿ ಬಿಡದು ಎಂಬ ಧೈರ್ಯ ಬೇರೆ.

“ಅತ್ತಿಗೆ, ಇವತ್ತು ಬೇಡ,” ಎಂದು ನಾದಿನಿ ಅವಳ ಮೊಣಕೈ ಹಿಡಿದಳು.

*

ಹೋದ ವರ್ಷ ಒಂದು ದಿನ ಅವಳ ಗಂಡ ಎಷ್ಟು ತೊಳೆದುಕೊಂಡರೂ ನಾರುತ್ತಲೇ ಊಟಕ್ಕೆ ಕೂತಿದ್ದ. ಬಂದರಿನ ತಳಕ್ಕೆ ಕೊಳವೆ ಇಳಿಸಿ ಕೆಸರು ತೆಗೆದಿದ್ದ. ಕೆಳಗೆ ಹೋದಷ್ಟೂ ಹಳೆಯ ಕೆಸರು.

“ಥೂ, ಆಚೆ ಕೂತ್ಕೊಳ್ಳಿ. ಆ ಹುಳ ಹೊಸದಾಗಿ ಬಂದಿದೆ ಅಂತ ಎಲ್ರೂ ಹೇಳ್ತಿದ್ದಾರಲ್ಲ?”

“ಹೊಸದಾಗಿ ಕಂಡಿದೆ, ಅಷ್ಟೇ. ಮೊದಲು ಯಾರು ಹುಡುಕಿದ್ರು? ದೀಪ ಹಾಕಿದಾಗ ಜಿರಳೆ ಕಂಡ್ರೆ, ದೀಪಾನೇ ಜಿರಳೆ ತಂತು ಅಂತೀಯಾ?” ಅವನು ನಕ್ಕ. “ದೊಡ್ಡ ಹಡಗು ಬರೋಕೆ ಮುಂಚಿನ ಕೆಸರಲ್ಲೇ ಅದರ ಚಿಪ್ಪು ಸಿಕ್ಕಿದೆ ಕಣೇ. ಇಲ್ಲೀದೇ ಅದು. ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೀಲಿ ಬಿಡು.”

*

ಅವಳು ಕೈ ಕೊಸರಿಕೊಂಡು ನಿರ್ದೇಶಕರ ಎದುರು ನಿಂತಳು. “ಯಾವಾಗ ಒಪ್ಕೊಂಡ್ರು?”

“ಹೋದ ವಾರ ನಾನು ಆಸ್ಪತ್ರೆಗೆ ಬಂದಿದ್ನಲ್ಲಮ್ಮ, ಆಗ.”

“ಆಗ ಅವರ ಗಂಟಲಲ್ಲಿ ನಳಿಕೆ ಇತ್ತು.”

ನಿರ್ದೇಶಕರು ತಡವರಿಸಲೂ ಇಲ್ಲ. “ಕಣ್ಣಲ್ಲೇ ಒಪ್ಕೊಂಡ್ರು, ತಾಯಿ.”

ಸತ್ತವನ ಕಣ್ಣನ್ನೂ ಬಿಡಲಿಲ್ಲವಲ್ಲ ಈ ಮನುಷ್ಯ! ಜೀವಮಾನವಿಡೀ ಮೂಗು ಮುಚ್ಚಿಕೊಂಡು ಸಹಿಸಿದ್ದ ಕೆಸರಿಗಿಂತ, ಸೆಂಟು ಹೊಡೆದ ಈ ಅಂಗಿಯೇ ಅವಳಿಗೆ ಹೇಸಿಗೆ ಎನ್ನಿಸಿತು. ಪತ್ರಕರ್ತನಿಗೆ ಹೇಳಿದಳು: “ಬರ್ಕೊಳ್ಳಿ. ಅವರು ಒಪ್ಪಿರಲಿಲ್ಲ. ಹಡಗು ಬರೋ ಮುಂಚಿನ ಕೆಸರಲ್ಲೂ ಅದಿತ್ತು. ಆ ಕೆಸರು ಲ್ಯಾಬಲ್ಲೇ ಇದೆ, ಹೋಗಿ ನೋಡಿ.”

“ಪಾಪ, ದುಃಖದಲ್ಲಿದ್ದಾರೆ,” ಎಂದರು ನಿರ್ದೇಶಕರು.

ಪತ್ರಕರ್ತ ಇಬ್ಬರ ಮುಖವನ್ನೂ ನೋಡಿದ, ಪೆನ್ನು ತೆಗೆದ.

ಪೆಟ್ಟಿಗೆ ಎತ್ತುವ ಹೊತ್ತಾಯಿತು. ಕ್ಯಾಮೆರಾ ಕಂಡದ್ದೇ ತಡ, ನಿರ್ದೇಶಕರು ಮುಂದಿನ ಹಿಡಿಕೆಗೆ ಕೈ ಹಾಕಿದರು. ಅವಳು ಆ ಬೆವರಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಆಮೇಲೆ ಕರವಸ್ತ್ರ ತೆಗೆದು ಹಿಡಿಕೆಯನ್ನು ತಿಕ್ಕಿ ತಿಕ್ಕಿ ಒರೆಸಿ, ತಾನೇ ಹಿಡಿದೆತ್ತಿದಳು.