ಸೇತುವೆಗೂ ದೋಣಿಗೂ ಎರಡು ಬೆರಳು

ಹಳೇ ಸೇತುವೆಯ ಕಮಾನಿಗೂ ನನ್ನ ದೋಣಿಯ ಚಾವಣಿಗೂ ಎರಡೇ ಬೆರಳಿನ ಜಗಳ. ಮೂರು ಸಲ ಹೋದೆ. ಮೂರು ಸಲವೂ ಚಾವಣಿ ಕಲ್ಲಿಗೆ ಕರ್ ಎಂದು ಉಜ್ಜಿತು. ಹಿಂದಕ್ಕೆ ಬಂದೆ.

ದಡದಲ್ಲಿದ್ದ ಎಂಜಿನಿಯರ್ ಸಾಹೇಬರು ಫೈಲ್ ಮುಚ್ಚಿದರು. "ಹಳೇ ಮಾರುಕಟ್ಟೆವರೆಗೆ ದೋಣಿ ಬಿಡೋಕೆ ಆಗಲ್ಲಮ್ಮ. ಪ್ರವಾಸಿಗಳನ್ನ ಸೇತುವೆ ಈಚೆಗೇ ಸುತ್ತಿಸಿದ್ರಾಯ್ತು. ಅದಕ್ಕೆ ಈಗಿರೋ ಚಾಲಕ ಒಬ್ಬನೇ ಸಾಕು."

ಅಂದರೆ ನಾನು ಬೇಡ. ಒಂದು ಕಾಲಕ್ಕೆ ಸರಕಿನ ದೋಣಿಗಳಿಂದ ಗಿಜಿಗುಡುತ್ತಿದ್ದ ನದಿಯಿದು. ಹೂಳು ತುಂಬಿ ಸತ್ತಂತಿದ್ದದ್ದಕ್ಕೆ ನಗರದವರು ಈಗ ಮತ್ತೆ ಜೀವ ಕೊಟ್ಟಿದ್ದಾರೆ. ಅಜ್ಜನ ನಂತರ ನಮ್ಮ ಮನೆಯಲ್ಲಿ ದೋಣಿ ಹಿಡಿದವಳು ನಾನೇ. ಲೈಸೆನ್ಸಿಗೆ ಎರಡು ವರ್ಷ ಒದ್ದಾಡಿದವಳು ಎರಡು ಬೆರಳಿಗೆ ಸೋಲುವುದೇ?

"ಒಂದು ಗಂಟೆ ಕೊಡಿ ಸಾರ್."

"ಗಂಟೇಲಿ ಸೇತುವೆ ಎತ್ತರ ಆಗುತ್ತಾ?"

ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಿ ಕಿಸಕ್ಕನೆ ನಕ್ಕಳು. "ಖಾಲಿ ದೋಣಿ ತಗೊಂಡು ಹೊರಟಿದ್ದೀಯಲ್ಲೇ ಪೆದ್ದಿ! ನಿಮ್ಮಜ್ಜ ಸರಕು ಇಳಿಸಿದ್ಮೇಲೆ ಕಲ್ಲು ತುಂಬ್ಕೊಂಡೇ ವಾಪಸ್ ಬರ್ತಿದ್ದಿದ್ದು. ಭಾರ ಬಿದ್ರೆ ತಾನೇ ದೋಣಿ ತಗ್ಗೋದು?"

ಈ ಪರೀಕ್ಷಾ ಓಟಕ್ಕೆ ಯಾರನ್ನೂ ಹತ್ತಿಸಬಾರದೆಂದು ಸಾಹೇಬರೇ ಹಟ ಹಿಡಿದಿದ್ದರು.

"ಕಲ್ಲಿಗೆ ಎಲ್ಲಿಗೆ ಹೋಗ್ಲಿ ಅಜ್ಜಿ?"

ಅಜ್ಜಿ ಗದ್ದ ಎತ್ತಿ ತೋರಿಸಿದಳು. ಹೊಸ ಉದ್ಯಾನದ ನಟ್ಟನಡುವೆ ಗುಂಡುಕಲ್ಲಿನ ರಾಶಿ. ಸುಣ್ಣ ಬಳಿದು, ಸರಪಳಿ ಸುತ್ತಿ, ಫಲಕ ನೆಟ್ಟಿದ್ದರು: 'ಪುರಾತನ ಶಿಲೆಗಳು. ಮುಟ್ಟಬೇಡಿ.'

"ನಿಮ್ಮಜ್ಜನ ದೋಣಿಗೆ ನಾನೇ ಹೊತ್ತು ಹಾಕಿರೋ ಕಲ್ಲು ಕಣೇ. ಪುರಾತನವಂತೆ! ಹಾಗಾದ್ರೆ ನನಗೂ ಒಂದು ಬೋರ್ಡು ಹಾಕ್ಲಿ."

ಸರಪಳಿ ದಾಟಿದೆ.

"ಏಯ್! ಅದು ಸ್ಮಾರಕ!" ಸಾಹೇಬರು ಕೂಗಿದರು.

"ಅಲ್ಲ ಸಾರ್, ಕೆಲಸದ ಸಾಮಾನು."

ಮೊದಲ ಕಲ್ಲು ಹೊತ್ತು ತಂದು ದೋಣಿಯ ನಟ್ಟನಡುವೆ ಇಟ್ಟೆ. ಹತ್ತು. ಇಪ್ಪತ್ತು. ಅಂಗೈ ಸುಲಿಯಿತು, ಸೊಂಟ ಬೇಡವೆಂದಿತು. ನಾನು ಕೇಳಲಿಲ್ಲ. ದೋಣಿಯ ಮೆಕ್ಯಾನಿಕ್ ಮಾವ ತಾನೂ ಕೈ ಜೋಡಿಸಿದ. ಸಾಹೇಬರು ಕೊನೆಗೆ ಸರಪಳಿಯ ಹತ್ತಿರ ಬಂದು, "ಎಣಿಸ್ಕೊಂಡು ತಗೊಳ್ಳಮ್ಮ, ಅಷ್ಟೂ ವಾಪಸ್ ಬರ್ಬೇಕು" ಎಂದರು.

ಐವತ್ತೆಂಟಕ್ಕೆ ರಾಶಿ ಮುಗಿಯಿತು. ಕೋಲಿನಿಂದ ಅಳೆದೆ. ಇನ್ನೂ ಕೂದಲೆಳೆಯಷ್ಟು ಅನುಮಾನ.

"ಸರಿ, ನಾನೂ ಭಾರಾನೇ," ಎನ್ನುತ್ತಾ ಅಜ್ಜಿ ಹತ್ತಿ ಕೂತಳು. ಮಾವನೂ ಹತ್ತಿದ. "ಇಬ್ಬರೇ, ಇನ್ಯಾರೂ ಬೇಡ," ಎಂದು ಸಾಹೇಬರು ಹಟ ಸಡಿಲಿಸಿದರು.

ಎಂಜಿನ್ ವೇಗ ತಗ್ಗಿಸಿ ಕಮಾನಿನೊಳಗೆ ನುಸುಳಿದೆ. ತಲೆಯ ಮೇಲೆ ತಣ್ಣನೆ ಕತ್ತಲು. ಕರ್ ಎನ್ನಲಿಲ್ಲ. ಆಚೆ ಬಿಸಿಲು ಬಂತು. ಹಳೇ ಮಾರುಕಟ್ಟೆಯ ಮೆಟ್ಟಿಲುಗಳು ಎದುರಿಗೇ ಇದ್ದವು.

ಸೇತುವೆಯ ಮೇಲಿಂದ ಸಾಹೇಬರು ಬಗ್ಗಿ ಕೇಳಿದರು: "ಜನ ತುಂಬಿದ್ರೆ ಅವರ ಭಾರವೇ ಸಾಕು. ಕಮ್ಮಿ ಬಂದ ದಿನ ಏನ್ ಮಾಡ್ತೀಯಮ್ಮ?"

"ಕಲ್ಲು ಹೊರ್ತೀನಿ ಸಾರ್."

ಅವರು ಮತ್ತೆ ಫೈಲ್ ತೆರೆದರು.